ನಾಗವೇಣಿಯೋ, ನಾಗರತ್ನಳೋ?

ಹೆಣ್ಣುಮಗುವಿಗೆ ಇಡೋಕೆ ಅಂತ ಸಾಗರ, ತೀರ್ಥಹಳ್ಳಿ ಕಡೆ ಅಜ್ಜಿಯಂದಿರ ಕಾಲದ ಹೆಸರು ಹುಡುಕಿದರೆ ಇವೆರಡೂ ಸಿಗುತ್ತವೆ. ಜಾತಕ ಇಲ್ಲಿ ತೀರ್ಮಾನ ಕೊಡೋದಿಲ್ಲ. ಎರಡೂ 'ನಾ'ದಿಂದಲೇ ಶುರು, ಅನೂರಾಧ ನಕ್ಷತ್ರದ ಒಂದನೇ ಪಾದಕ್ಕೆ ಎರಡೂ ಸೈ. ಕರೆಯುವಾಗಲೂ ಎರಡೂ 'ನಾಗು'ವೇ.

ಅರ್ಥ ಬೇರೆ. ಒಂದು ಹಾವಿನಂಥ ನೀಳ ಜಡೆಯವಳು, ಇನ್ನೊಂದು ಹೆಡೆಯ ಮೇಲಿದೆ ಅಂತ ನಂಬುವ ರತ್ನ.

ತೊಡಕು ಇರುವುದು ಇಂಗ್ಲಿಷ್ ಕಾಗುಣಿತದಲ್ಲಿ. ರತ್ನದ 'ತ್ನ'ಕ್ಕೆ ಒಬ್ಬರು ಬರೀ 'ಟಿ' ಹಾಕ್ತಾರೆ, ಇನ್ನೊಬ್ಬರು 'ಟಿಎಚ್'. ಕೊನೆಗೆ 'ಎ' ಒಂದೋ ಎರಡೋ. ಆಧಾರ್‌ನಲ್ಲೊಂದು, ಮಾರ್ಕ್ಸ್ ಕಾರ್ಡ್‌ನಲ್ಲೊಂದು ಆದರೆ ಪಾಸ್‌ಪೋರ್ಟ್ ಹೊತ್ತಿಗೆ ಅಫಿಡವಿಟ್ ಓಡಾಟ. ನಾಗವೇಣಿಗೆ ಆ ಗೊಂದಲ ಕಡಿಮೆ. 'ಣಿ' ಹೋಗಿ 'ನಿ' ಆಗತ್ತೆ, ಅಷ್ಟೇ.

ಇನ್ನೊಂದು ಪರೀಕ್ಷೆ: ಜಡಿಮಳೆಯಲ್ಲಿ ಅಡಿಕೆ ತೋಟದ ಆಚೆ ತುದಿಗೆ ಕೂಗಿ ನೋಡಿ. 'ವೇಣೀ...' ಎಳೆದಷ್ಟೂ ಎಳೆಯತ್ತೆ. 'ರತ್ನಾ'ದ ಒತ್ತಕ್ಷರ ಮಳೆ ಸದ್ದಲ್ಲಿ ಮುಗ್ಗರಿಸತ್ತೆ. ತೊದಲು ಮಾತಿನ ಅಣ್ಣನಿದ್ದರೆ 'ಲತ್ನ'ಕ್ಕೂ ತಯಾರಿರಿ!

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರಿಗೆ ಅಷ್ಟು ಅವಸರವಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ. ಆದರೆ 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಮೂಲ. ಇನಿಷಿಯಲ್ಲನ್ನು ಬಿಡಿಸಿಯೇ ಬರೆಸಿ. ತೊಟ್ಟಿಲ ದಿನ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದ ಹೆಸರನ್ನು ಅಳಿಸಬಹುದು, ಇದನ್ನು ತಿದ್ದಿಸೋದು ಸುಲಭವಲ್ಲ.

ನನ್ನ ಮತ ನಾಗವೇಣಿಗೆ. ಜಡೆ ಗಿಡ್ಡವಾದರೂ ನಡೆಯತ್ತೆ.