ಗೊಬ್ಬರದ ಗಿಡದ ಬೇಲಿ: ನನ್ನ 16 ತಿಂಗಳ ದಾಖಲೆ

ದಿನ 1
ತೋಟದ ಒಂದು ಅಂಚಿಗೆ ಬೇಲಿ ಬೇಕಿತ್ತು. ಅದೇ ಬೇಲಿಯಿಂದ ಸೊಪ್ಪೂ ಸಿಗಬೇಕಿತ್ತು. ಹಾಗಾಗಿ ಗ್ಲಿರಿಸಿಡಿಯಾವನ್ನೇ ಆರಿಸಿಕೊಂಡೆ. ಗೊಬ್ಬರದ ಗಿಡ ಅಂದರೆ ಎಷ್ಟೋ ಜನಕ್ಕೆ ಬೇಗ ಗೊತ್ತಾಗುತ್ತದೆ. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಕೋಕೋ ಗಿಡಗಳಿಗೆ ನೆರಳಾಗಲೆಂದು ಬೆಳೆಸುತ್ತಾರೆ, 'ಕೋಕೋದ ತಾಯಿ' ಅಂತಲೇ ಕರೆಯುತ್ತಾರೆ. ಎಷ್ಟು ಚೆಂದದ ಹೆಸರು ಅಲ್ವಾ! ಇದರ ಸಸ್ಯಶಾಸ್ತ್ರದ ಹೆಸರಿನಲ್ಲಿರುವ 'ಸೀಪಿಯಂ' ಅನ್ನುವ ಲ್ಯಾಟಿನ್ ಪದಕ್ಕೂ 'ಬೇಲಿಗಳದು' ಅಂತಲೇ ಅರ್ಥ.

40 ಗೂಟ ಕಡಿದು, ಒಂದಡಿ ಆಳಕ್ಕೆ ನೆಟ್ಟೆ. ಹೋಲಿಸಿ ನೋಡೋಣ ಅಂತ ಚೀಲಗಳಲ್ಲಿ 30 ಬೀಜವನ್ನೂ ಹಾಕಿದೆ. ಬೀಜಕ್ಕೆ ಬಿಸಿನೀರಿನ ಉಪಚಾರ ಏನೂ ಬೇಡ, ಹಾಗೇ ಮೊಳೆಯುತ್ತದೆ.

ದಿನ 18
ಹೆಚ್ಚುಕಡಿಮೆ ಎಲ್ಲ ಗೂಟಗಳಲ್ಲೂ ಚಿಗುರು! ಬೀಜಗಳಲ್ಲಿ 26 ಹುಟ್ಟಿವೆ. ಆ ಖುಷಿಯಲ್ಲೇ ಗೂಟಗಳಿಗೆ ತಂತಿ ಎಳೆದು ಬಿಗಿದೆ.

ವಾರ 7
ಬೇಜಾರಿನ ದಿನ. ಒಂದೊಂದೇ ಗೂಟ ಬಾಡುತ್ತಾ ಬಂತು. ಕಿತ್ತು ನೋಡಿದರೆ ಕೆಲವಕ್ಕೆ ಬೇರೇ ಇಲ್ಲ, ಕೆಲವಕ್ಕೆ ಬಂದಿದ್ದ ಎಳೆ ಬೇರು ಹರಿದುಹೋಗಿದೆ. ಗೂಟ ತನ್ನೊಳಗೆ ಕೂಡಿಟ್ಟುಕೊಂಡ ಆಹಾರದಿಂದಲೇ ಮೊದಲು ಎಲೆ ಬಿಡುತ್ತದೆ. ಬೇರು ಬರುವುದು ಆಮೇಲೆ. ಆ ಹೊತ್ತಿಗೆ ಸರಿಯಾಗಿ ನಾನು ತಂತಿ ಬಿಗಿದಿದ್ದೆ. ಗಾಳಿಗೆ ಒಂದು ಗೂಟ ಅಲುಗಿದರೆ ಇಡೀ ಸಾಲೇ ಅಲುಗುತ್ತಿತ್ತು. 40ರಲ್ಲಿ ಉಳಿದದ್ದು 23.

ಸತ್ತ ಗೂಟಗಳನ್ನು ಸಾಲಾಗಿ ಮಲಗಿಸಿ ನೋಡಿದೆ. ಬಹುಪಾಲು ತೀರಾ ಎಳೆಯವು, ತೊಗಟೆ ಇನ್ನೂ ಹಸಿರು. ತಪ್ಪು ಅಲ್ಲೂ ಇತ್ತು. ಈ ಸಲ ಬಲಿತ ಕೊಂಬೆಗಳನ್ನೇ ಹುಡುಕಿದೆ. ಕನಿಷ್ಠ 6 ತಿಂಗಳು ತುಂಬಿದ್ದು, ತೊಗಟೆ ಕಂದು ಬಣ್ಣಕ್ಕೆ ತಿರುಗಿದ್ದು, ಹೆಬ್ಬೆರಳಿಗಿಂತ ದಪ್ಪ ಇದ್ದದ್ದು. ಬುಡವನ್ನು ಓರೆಯಾಗಿ ಕತ್ತರಿಸಿ, ಮಣ್ಣಿನೊಳಗೆ ಹೋಗುವ ಭಾಗದ ತೊಗಟೆಯ ಮೇಲೆ ಅಲ್ಲಲ್ಲಿ ಕತ್ತಿಯಿಂದ ಗೀರು ಹಾಕಿದೆ. ಗೀರಿನ ಜಾಗದಲ್ಲಿ ಬೇರು ಚೆನ್ನಾಗಿ ಒಡೆಯುತ್ತದೆ. ನಾಲ್ಕು ದಿನ ನೆರಳಿನಲ್ಲಿ ನಿಲ್ಲಿಸಿಟ್ಟು, ಮತ್ತೆ 17 ಗೂಟ ನೆಟ್ಟೆ. ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದೆ. ಹಳೇ ತಂತಿಯನ್ನೂ ಬಿಚ್ಚಿಬಿಟ್ಟೆ.

ತಿಂಗಳು 5
ಎರಡನೇ ಸಲ ನೆಟ್ಟ 17ರಲ್ಲಿ 15 ಗಟ್ಟಿಯಾಗಿ ನಿಂತಿವೆ. ಈಗ ಮೆಲ್ಲಗೆ ಅಲುಗಿಸಿದರೂ ಕದಲುವುದಿಲ್ಲ.

ಇವತ್ತು ಒಂದು ಬೀಜದ ಸಸಿಯನ್ನೂ ಒಂದು ಗೂಟದ ಗಿಡವನ್ನೂ ಬಿಡಿಸಿ ನೋಡಿದೆ. ಸಸಿಗೆ ನೇರವಾಗಿ ಕೆಳಗಿಳಿಯುವ ತಾಯಿಬೇರು. ಗೂಟದ ಗಿಡಕ್ಕೆ ತಾಯಿಬೇರಿಲ್ಲ, ಮೇಲ್ಮಣ್ಣಿನಲ್ಲೇ ಪಕ್ಕಕ್ಕೆ ಹರಡಿದ ಬೇರುಗಳು. ಎರಡರಲ್ಲೂ ಬೇರುಗಂಟು ಇದ್ದವು. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ! ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಒಳಗೆ ಕೆಲಸ ಮಾಡುತ್ತಿವೆ ಅನ್ನುವುದಕ್ಕೆ ಅದೇ ಗುರುತು. ಬೂದಿ ಅಥವಾ ಹಸಿರು ಬಣ್ಣ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ ಅಂತ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ತಿಂಗಳು 10
ಮೊದಲ ಸೊಪ್ಪು. ಮೊದಲು ನೆಟ್ಟ ಗಿಡಗಳನ್ನು ಮಾತ್ರ ಎದೆಯೆತ್ತರಕ್ಕೆ ಸವರಿದೆ. ತೂಕ ಹಾಕಿದರೆ 52 ಕಿಲೋ ಹಸಿ ಸೊಪ್ಪು. ಒಣಗಿದ ಎಲೆಯಲ್ಲಿ ಸುಮಾರು ಶೇಕಡಾ 3ರಷ್ಟು ಸಾರಜನಕ ಇರುತ್ತದೆ. ಹಸಿ ಸೊಪ್ಪು ಒಣಗಿದರೆ ಉಳಿಯುವುದು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಲೆಕ್ಕ ಹಾಕಿದರೆ ನನ್ನ ಮಣ್ಣಿಗೆ ಹೋದದ್ದು ಮುನ್ನೂರು ಗ್ರಾಂ ಚಿಲ್ಲರೆ ಸಾರಜನಕ. ಮೊದಲ ಕಟಾವಿಗೆ ನನಗೆ ಅಷ್ಟು ಸಾಕು.

ಅರ್ಧ ಸೊಪ್ಪನ್ನು ಪಾತಿಗಳ ಮೇಲೆ ಹರಡಿದೆ, ಇನ್ನರ್ಧವನ್ನು ಮಣ್ಣಿಗೆ ಸೇರಿಸಿದೆ. ಮೂರು ವಾರದಲ್ಲಿ ಮೇಲೆ ಹರಡಿದ್ದರಲ್ಲೂ ಎಲೆ ಕರಗಿ ಕಡ್ಡಿಗಳಷ್ಟೇ ಉಳಿದವು. ಈ ಸೊಪ್ಪು ಬೆಳೆಗೆ ಊಟ. ನೆಲಕ್ಕೆ ಬಹಳ ದಿನದ ಹೊದಿಕೆ ಬೇಕಾದರೆ ಒಣ ಹುಲ್ಲನ್ನೇ ಹಾಕಬೇಕು.

ಒಂದು ಹಿಡಿ ಸೊಪ್ಪು ಮೇಕೆಗಳಿಗೆ ಕೊಟ್ಟೆ. ಮೂಸಿ ಮುಖ ತಿರುಗಿಸಿದವು. ಅರ್ಧ ದಿನ ಬಾಡಿಸಿ, ರೂಢಿಯ ಮೇವಿನ ಜೊತೆ ಬೆರೆಸಿದಾಗ ತಿಂದವು. ಮೆಲುಕು ಹಾಕುವ ಪ್ರಾಣಿಗಳಿಗೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಕುದುರೆಗೆ ಮಾತ್ರ ಕೊಡಲೇಬಾರದು, ಅದಕ್ಕೆ ವಿಷ. ತವರಿನಲ್ಲಿ ಇದರ ಎಲೆ ಮತ್ತು ತೊಗಟೆಯನ್ನು ಇಲಿಪಾಷಾಣ ಮಾಡಲು ಬಳಸುತ್ತಿದ್ದರು. 'ಗ್ಲಿರಿಸಿಡಿಯಾ' ಅನ್ನುವ ಹೆಸರು ಬಂದದ್ದೂ ಹಾಗೇ. ಇಲಿ ಜಾತಿಯ ಪ್ರಾಣಿಗಳನ್ನು ಕೊಲ್ಲುವುದು ಅಂತ ಅದರ ಅರ್ಥ.

ತಿಂಗಳು 13
ಎಳೆ ಚಿಗುರಿನಲ್ಲಿ ಕಪ್ಪು ಸಸ್ಯಹೇನು ಜಾಸ್ತಿ ಆಗಿತ್ತು. ಎಲೆಗಳೆಲ್ಲ ಅಂಟಂಟು. ಆ ತುದಿಗಳನ್ನು ಕತ್ತರಿಸಿ, ನೀರನ್ನು ಜೋರಾಗಿ ಹಾಯಿಸಿದೆ. ಎರಡು ವಾರದಲ್ಲಿ ಹೊಸ ಚಿಗುರು ಚೊಕ್ಕವಾಗಿ ಬಂತು. ಉಳಿದ ಸಾಲಿಗೆ ಎರಡನೇ ಕಟಾವೂ ಆಯಿತು.

ತಿಂಗಳು 16
ಪದೇಪದೇ ಸವರಿದ ಗಿಡದಲ್ಲಿ ಹೂವು ಬರುವುದು ಕಡಿಮೆ. ಅದಕ್ಕೇ ಸಾಲಿನ ಕೊನೆಯ ಎರಡು ಗಿಡಗಳನ್ನು ಬೀಜಕ್ಕೆಂದು ಮುಟ್ಟದೆ ಬಿಟ್ಟಿದ್ದೆ. ಒಣಹವೆ ಬಂದಾಗ ಅವು ಎಲೆಯೆಲ್ಲ ಉದುರಿಸಿ ಬರೀ ಕೊಂಬೆಯ ತುಂಬಾ ತಿಳಿಗುಲಾಬಿ ಹೂವು ಬಿಟ್ಟವು. ಜೇನುನೊಣಗಳ ಸದ್ದು ದೂರಕ್ಕೇ ಕೇಳುತ್ತಿತ್ತು. ಈಗ ಚಪ್ಪಟೆ ಕಾಯಿಗಳು ಹಳದಿಗೆ ತಿರುಗಿವೆ. ಪೂರ್ತಿ ಒಣಗಿದರೆ ಬಿಸಿಲಿಗೆ ಪಟ್ಟನೆ ಸಿಡಿದು ಬೀಜ ದೂರ ಹಾರುತ್ತದೆ. ಹಾಗಾಗಿ ನಿನ್ನೆ ಸಂಜೆ ಗೊಂಚಲುಗಳಿಗೆ ಬಟ್ಟೆ ಚೀಲ ಕಟ್ಟಿ ಬಂದೆ. ಇಳಿಜಾರಿನ ಕಡೆ ಗಾಳಿ ಜೋರು, ಅಲ್ಲಿಗೆ ಆಳದ ಬೇರೇ ಬೇಕು. ಆ ಸಾಲನ್ನು ಪೂರ್ತಿ ಈ ಬೀಜದಿಂದಲೇ ಮಾಡುತ್ತೇನೆ.