ಕೊಡಕ್ಕೆ ಹುಣಸೆಹಣ್ಣು ಹಚ್ಚಬೇಡಿ

ಆಗಸ್ಟ್ 3, 2025, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿದಿದೆ. ಸಾಗರದ ಕಡೆ ಮಳೆ ಅಂದರೆ ಹೇಳಬೇಕಾ? ಗೋಡೆಯ ಮೇಲಿನ ತೇವಾಂಶದ ಮೀಟರು 91 ತೋರಿಸುತ್ತಿತ್ತು. ಅದನ್ನು ನೋಡಿ ನಾನು ಮಾಡುವುದೇನೂ ಇಲ್ಲ. ಎಸಿ ಹಾಕಿಸುವಷ್ಟು ದುಡ್ಡು ನಮ್ಮ ಮ್ಯೂಸಿಯಂಗೆ ಇಲ್ಲ, ಇದ್ದರೂ ಈ ಮಳೆಯಲ್ಲಿ ಕರೆಂಟು ಇರಬೇಕಲ್ಲ. ಆದರೂ ದಿನಾ ಪುಸ್ತಕದಲ್ಲಿ ಬರೆದಿಡುತ್ತೇನೆ. ಜ್ವರ ಇಳಿಯದಿದ್ದರೂ ಥರ್ಮಾಮೀಟರ್ ಇಟ್ಟು ನೋಡುತ್ತೇವಲ್ಲ, ಹಾಗೆ.

ಜಗುಲಿಯ ಮೂಲೆಯಲ್ಲಿ ನೇಗಿಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮಂಗನ ಕೆಲಸ. ಹೆಂಚು ಒಂದು ಗೇಣು ಜಾರಿದೆ. ನಮ್ಮ ಹುಡುಗ ಏಣಿ ಹತ್ತಿ ಸರಿ ಮಾಡಿದ. ಕೆಳಗೆ ಪ್ಲಾಸ್ಟಿಕ್ ಬಕೆಟ್ ಅಂತೂ ಇಟ್ಟೇ ಇದ್ದೇವೆ, ಮಂಗ ಮತ್ತೆ ಬಂದೇ ಬರುತ್ತದೆ.

ಮ್ಯೂಸಿಯಂ ಅಂದರೆ ಜಾಸ್ತಿ ಏನೂ ಕಲ್ಪಿಸಿಕೊಳ್ಳಬೇಡಿ. ಹಳೆ ಶಾಲೆಯ ಎರಡು ಕೋಣೆ, ಒಂದು ಜಗುಲಿ. ಟಿಕೆಟ್ಟು 10 ರೂಪಾಯಿ, ಮಕ್ಕಳಿಗೆ ಬಿಟ್ಟಿ. ನಾನು ರಿಟೈರ್ ಆದ ಮೇಷ್ಟ್ರು, ಹುಡುಗ ಡಿಗ್ರಿ ಓದುತ್ತಿದ್ದಾನೆ. ಸಿಬ್ಬಂದಿ ನಾವಿಬ್ಬರೇ, ಸಂಬಳ ಇಬ್ಬರಿಗೂ ಇಲ್ಲ. ಕೆಳದಿ ಇಲ್ಲೇ ಹತ್ತಿರ. ಅಲ್ಲಿ ಗುಂಡಾ ಜೋಯಿಸರು ತಾಳೆಗರಿ, ಕಡತಗಳನ್ನು ಸೇರಿಸಿ ಒಂದು ಮ್ಯೂಸಿಯಂ ಕಟ್ಟಿದರು. ಅದು ಅರಸರ ಇತಿಹಾಸ. ನಮ್ಮದು ಅಡುಗೆಮನೆ, ಅಟ್ಟ, ಕೊಟ್ಟಿಗೆಯ ಇತಿಹಾಸ. ಸೇರು, ಪಾವು, ಕೊಳಗ, ಬೀಸುಕಲ್ಲು, ಇಲ್ಲಿಯ ದೀವರ ಸಮುದಾಯದವರ ಮನೆಯ ಚಿತ್ತಾರದ ಬುಟ್ಟಿ, ಎರಡು ಕಟ್ಟು ತಾಳೆಗರಿ.

ಹತ್ತರವರೆಗೆ ಕಪಾಟು ನೋಡುವ ಕೆಲಸ. ತಾಳೆಗರಿ ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಬಜೆಯ ಗಂಟು ಇಟ್ಟಿದ್ದೇವೆ. ಹುಳ ಬಂದಿಲ್ಲ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇದೆಯಲ್ಲ, ಊರವರಿಗೆಲ್ಲ ಅದನ್ನು ಬಿಸಾಡದೆ ನಮಗೆ ಕೊಡಿ ಅಂತ ಹೇಳಿಟ್ಟಿದ್ದೇನೆ. ಈ ವರ್ಷ ಬಂದ ದೊಡ್ಡ ದೇಣಿಗೆ ಅದೇ. ಚಿತ್ತಾರದ ಬುಟ್ಟಿಯ ತಳದಲ್ಲಿ ಮಾತ್ರ ಬಿಳಿ ಬೂಷ್ಟು ಶುರುವಾಗಿತ್ತು. ಅಕ್ಕಿ ಹಿಟ್ಟಿನ ಬಣ್ಣ ನೋಡಿ, ಬೂಷ್ಟಿಗೆ ಅದು ಊಟ. ಒಣ ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆದು ಗಾಳಿಗೆ ಇಟ್ಟೆವು. ಬಿಸಿಲಿಗೆ ಇಡೋಣ ಅಂದರೆ ಬಿಸಿಲೇ ಇಲ್ಲ. ಇದ್ದರೂ ಇಡುವ ಹಾಗಿಲ್ಲ, ಕೆಮ್ಮಣ್ಣಿನ ಗೆರೆ ಸಿಪ್ಪೆ ಎದ್ದು ಬರುತ್ತದೆ.

ಹನ್ನೊಂದಕ್ಕೆ ಇಬ್ಬರು ಬೈಕಿನಲ್ಲಿ ಬಂದರು. ನಾಣ್ಯ ತೋರಿಸಬೇಕಂತೆ, ಅದಕ್ಕೆ ಕೋಟಿ ಬರುತ್ತದಂತೆ. ನಾನು ಯಾರಿಗಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ನೆಲದಲ್ಲಿ ಸಿಕ್ಕಿದ್ದಾ, ಮನೆಯಲ್ಲಿದ್ದದ್ದಾ? ನೆಲದಲ್ಲಿ ಸಿಕ್ಕಿದ್ದಾದರೆ ಸರ್ಕಾರಕ್ಕೆ ತಿಳಿಸಬೇಕು, ನಾವು ಮುಟ್ಟುವುದಿಲ್ಲ. ಇವರದ್ದು "ಅಜ್ಜನ ಕಾಲದ್ದು". ಕರವಸ್ತ್ರ ಬಿಚ್ಚಿದರು. ಅಂದುಕೊಂಡದ್ದೇ ಆಯಿತು. ಒಂದು ಕಡೆ ಆಂಜನೇಯ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818. ಕಂಪನಿ ಇಂಥ ನಾಣ್ಯ ಯಾವತ್ತೂ ಟಂಕಿಸಿಲ್ಲ. ಇವನ್ನು ಜಾತ್ರೆಯಲ್ಲಿ ಮಾರುತ್ತಾರೆ. ನಮ್ಮ ಡಬ್ಬಿಯಲ್ಲಿರುವ 1835ರ ಕಾಲಾಣೆ ತೆಗೆದು ತೋರಿಸಿದೆ. ಅದು ಕಂಪನಿಯ ನಿಜವಾದ ತಾಮ್ರದ ಕಾಸು. ಅದಕ್ಕೂ ಕೋಟಿ ಬರುವುದಿಲ್ಲ, ಆ ಮಾತು ಬೇರೆ.

"ಹಾಗಾದ್ರೆ ದೇವರ ಚಿತ್ರ ಇರೋ ನಾಣ್ಯ ಎಲ್ಲಾ ಸುಳ್ಳಾ ಸಾರ್?" ಅಂದ ಒಬ್ಬ. ಒಳ್ಳೆ ಪ್ರಶ್ನೆ ಅದು. ಇಕ್ಕೇರಿ ವರಾಹದ, ಅಂದರೆ ಕೆಳದಿ ಅರಸರ ಚಿನ್ನದ ನಾಣ್ಯದ, ಫೋಟೊ ತೋರಿಸಿದೆ. ಅದರ ಮೇಲೆ ಶಿವ ಪಾರ್ವತಿ. 1763ರಲ್ಲಿ ಹೈದರ್ ಅಲಿ ಅವರ ರಾಜಧಾನಿ ಬಿದನೂರು ಗೆದ್ದ ಮೇಲೂ ಅದೇ ಶಿವ ಪಾರ್ವತಿಯನ್ನು ಉಳಿಸಿಕೊಂಡ. ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ, ಅಷ್ಟೇ. ಜನ ನಂಬಿದ ನಾಣ್ಯವನ್ನು ಕೆಡಿಸಬಾರದು ಅಂತ ಅವನಿಗೆ ಗೊತ್ತಿತ್ತು. ಇಬ್ಬರೂ ಅರ್ಧ ಗಂಟೆ ಕೂತರು, ಚಹಾ ಕುಡಿದರು, ಹೋಗುವಾಗ ಹುಂಡಿಗೆ 50 ರೂಪಾಯಿ ಹಾಕಿದರು. ಬರುವಾಗ ಕೋಟ್ಯಧಿಪತಿಗಳಾಗಿದ್ದರು ಪಾಪ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ್ದೆನಷ್ಟೆ, ಆಟೋ ಬಂದು ನಿಂತಿತು. ಒಬ್ಬ ಅಮ್ಮ ಇಳಿದರು, ಎಪ್ಪತ್ತೈದರ ಹತ್ತಿರ ಇರಬಹುದು. ಜೊತೆಗೆ ಸೊಸೆ. ಸೊಸೆಯ ಸೊಂಟದ ಮೇಲೆ ಒಂದು ತಾಮ್ರದ ಕೊಡ. ಮಳೆಯ ಮಬ್ಬಿನಲ್ಲೂ ಫಳಫಳ ಅನ್ನುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

"ರಾತ್ರಿ ಎಲ್ಲಾ ಕೂತು ಹುಣಸೆಹಣ್ಣು ಹಾಕಿ ತಿಕ್ಕಿದೆ ಮೇಷ್ಟ್ರೇ. ಮ್ಯೂಸಿಯಂಗೆ ಕೊಡೋದಲ್ವಾ, ಹಾಗೇ ಕೊಡೋಕಾಗತ್ತಾ?" ಅಂದಳು ಸೊಸೆ. ಎಷ್ಟು ಪ್ರೀತಿಯಿಂದ ಅಂದಳು ಅಂದರೆ, ಬೈಯುವುದು ಹೇಗೆ? "ಚೆನ್ನಾಗಿ ಮಾಡಿದೀರಮ್ಮ" ಅಂದುಬಿಟ್ಟೆ. ಹುಡುಗ ನನ್ನ ಮುಖ ನೋಡಿದ.

ಅವನಿಗೆ ಕಡತದ ಕಥೆ ಗೊತ್ತು. ಇಲ್ಲಿ ಬರೆದೇ ಬಿಡುತ್ತೇನೆ. ನಾವು ಶುರು ಮಾಡಿದ ಹೊಸತರಲ್ಲಿ ಒಂದು ಮನೆಯವರು ಅಟ್ಟದಿಂದ ಕಪ್ಪು ಬಟ್ಟೆಯ ಮಡಿಕೆಯೊಂದನ್ನು ತಂದುಕೊಟ್ಟರು. ಧೂಳು, ಜೇಡರ ಬಲೆ, ಹಲ್ಲಿಯ ಹಿಕ್ಕೆ. ನಾನು ಒದ್ದೆ ಬಟ್ಟೆ ತಗೊಂಡು ಮೊದಲ ಎರಡು ಮಡಿಕೆ ಚೆನ್ನಾಗಿ ಒರೆಸಿದೆ. ಮೂರನೆಯದಕ್ಕೆ ಬಂದಾಗ ಧೂಳಿನ ಅಡಿಯಲ್ಲಿ ಬಿಳಿ ಅಕ್ಷರ ಕಂಡಿತು. ಕೈ ಅಲ್ಲೇ ನಿಂತಿತು. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಒಣಗಿಸಿ, ಉದ್ದಕ್ಕೆ ಮಡಚಿದ ಪುಸ್ತಕ. ಬರೆಯುವುದು ಬಳಪದಲ್ಲಿ. ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು, ಸ್ಲೇಟಿನ ಹಾಗೆ. ಯಾರದೋ ಮನೆಯ ಲೆಕ್ಕ, ನೂರಾರು ವರ್ಷ ಹೊಗೆ, ಇಲಿ, ಮಳೆ ಎಲ್ಲಾ ತಡೆದುಕೊಂಡು ಬಂದದ್ದು, ನನ್ನ ಕೈಯಲ್ಲಿ ಎರಡು ನಿಮಿಷಕ್ಕೆ ಹೋಯಿತು. ಆ ಎರಡು ಮಡಿಕೆಯಲ್ಲಿ ಏನಿತ್ತು ಅಂತ ಈಗ ದೇವರಿಗೂ ಗೊತ್ತಿಲ್ಲ. ಉಳಿದದ್ದರಲ್ಲಿ ಅಡಿಕೆಯ ಲೆಕ್ಕ ಇದೆ. ಆಫೀಸುಗಳಲ್ಲಿ "ಕಡತ ಮುಂದೆ ಹೋಗಿಲ್ಲ" ಅನ್ನುತ್ತಾರಲ್ಲ, ಆ ಕಡತ ಇದೇ. ನಮ್ಮ ಅನುದಾನದ ಅರ್ಜಿಯ ಕಡತವೂ ಒಂದು ಕಚೇರಿಯಲ್ಲಿ ಕೂತಿದೆ. ಅದನ್ನು ಯಾರೂ ಒರೆಸದಿದ್ದರೆ ಸಾಕು.

ಹಾಗಾಗಿ ಸೊಸೆಗೆ ಬೈಯುವ ಮುಖ ನನಗಿರಲಿಲ್ಲ.

ಕೊಡವನ್ನು ಕಿಟಕಿಯಿಂದ ದೂರ ತಂದು, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಕೊಡದ ಕಂಠದ ಕೆಳಗೆ ಉಳಿಯಿಂದ ಚುಚ್ಚಿದ ಚುಕ್ಕಿಗಳು. ಮದುವೆ ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತಿದ್ದರಲ್ಲ, ಹಾಗೆ. ಮೊದಲ ಸಾಲು ಪೂರಾ ಇತ್ತು, ಒಬ್ಬ ಹೆಂಗಸಿನ ಹೆಸರು. "ನಮ್ಮಮ್ಮ" ಅಂದರು ಆ ಅಮ್ಮ. ಎರಡನೇ ಸಾಲಿನಲ್ಲಿ ಮೊದಲು "ಮ", ಆಮೇಲೆ ತಿಕ್ಕಿ ನುಣುಪಾದ ಜಾಗ, ಕೊನೆಗೆ "ನೂರು". ನಾನು ಟಾರ್ಚು ತಿರುಗಿಸುತ್ತಾ ಇದ್ದೆ. ಅಮ್ಮ ಕೊಡದ ಕಡೆ ನೋಡಲೇ ಇಲ್ಲ.

"ಮಡೆನೂರು" ಅಂದರು.

ಶರಾವತಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಜೋಗದ ವಿದ್ಯುತ್ತಿಗಾಗಿ ಮಡೆನೂರಿನ ಹತ್ತಿರ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಅದರ ಹಿನ್ನೀರಿನಲ್ಲಿ ಊರು, ಗದ್ದೆ, ತೋಟದ ಜೊತೆಗೆ ಆ ಹಳೆ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆ ಬರುತ್ತದೆ, ಜನ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ಹಿನ್ನೀರಿನ ಆಚೆ ಉಳಿದವರು ಅಷ್ಟೂ ವರ್ಷ ಲಾಂಚ್ ಕಾದರು. ಸಿಗಂದೂರಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ.

ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದ. ಅಮ್ಮ ಜಾಸ್ತಿ ಮಾತಾಡಲಿಲ್ಲ. ಲಾರಿಯಲ್ಲಿ ಬಂದರಂತೆ. ಕೊಡದ ತುಂಬಾ ಬಿತ್ತನೆಯ ಭತ್ತ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ತಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಹೊಸ ಜಾಗದಲ್ಲಿ ಮೊದಲ ವರ್ಷ ಬಿತ್ತಿದ್ದು ಅದೇ ಭತ್ತ. "ಮೊಳಕೆ ಬಂತಾ?" ಅಂತ ಕೇಳಿದೆ. "ಬಂತು. ಹಂದಿ ತಿಂತು" ಅಂದರು. ಆಮೇಲೆ ನಕ್ಕರು.

ದಾನಪತ್ರ ಓದಿ ಹೇಳಿ ಸಹಿ ಹಾಕಿಸಿಕೊಂಡೆ. ಮುಂಚೆ ಇದೆಲ್ಲ ಇರಲಿಲ್ಲ, ಬಾಯಿಮಾತೇ. ಒಬ್ಬರು ತೊಟ್ಟಿಲು ಕೊಟ್ಟಿದ್ದರು, ಎರಡು ವರ್ಷ ಬಿಟ್ಟು ಮೊಮ್ಮಗು ಹುಟ್ಟಿತು ಅಂತ ವಾಪಸ್ ತಗೊಂಡು ಹೋದರು. ಮಗುವಿಗೆ ಬೇಕು ಅಂದರೆ ಬೇಡ ಅನ್ನುವುದುಂಟಾ? ಆದರೆ ಆ ತೊಟ್ಟಿಲಿನ ಅಳತೆಯನ್ನೂ ನಾವು ಬರೆದಿಟ್ಟುಕೊಂಡಿರಲಿಲ್ಲ. ಅದರ ನಂತರವೇ ಪತ್ರ ಬಂದದ್ದು. ಕೊಟ್ಟದ್ದಾ, ಇಡಲು ಕೊಟ್ಟದ್ದಾ ಅಂತ ಅದರಲ್ಲಿ ಬರೆಸುತ್ತೇವೆ.

ಸೊಸೆಗೆ ಹೊರಡುವಾಗ ಮೆಲ್ಲಗೆ ಹೇಳಿದೆ. ಮನೆಯಲ್ಲಿ ಬೇರೆ ಹಳೆ ಪಾತ್ರೆ ಇದ್ದರೆ ಹೆಸರು ಇರುವ ಜಾಗಕ್ಕೆ ಹುಣಸೆಹಣ್ಣೂ ಬೇಡ, ಪೀತಾಂಬರಿಯೂ ಬೇಡ. ಅವಳಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು. ಆಗ ಕಡತದ ಕಥೆ ಅವಳಿಗೂ ಹೇಳಿದೆ. ಸ್ವಲ್ಪ ಸಮಾಧಾನ ಆದ ಹಾಗಿತ್ತು.

ಅಮ್ಮ ಜಗುಲಿಯಲ್ಲಿ ನಿಂತು ಒಳಗೆ ಸಾಲಾಗಿಟ್ಟ ನಮ್ಮ ಪಾತ್ರೆಗಳನ್ನು ನೋಡುತ್ತಿದ್ದರು. ಧೂಳು ಕೂರಬಾರದು ಅಂತ ಎಲ್ಲವನ್ನೂ ಕವುಚಿ ಹಾಕಿದ್ದೇವೆ.

"ನನ್ನ ಕೊಡ ಕವುಚಿ ಹಾಕ್ಬೇಡಿ ಮಗಾ" ಅಂದರು.

ಸಂಜೆ ಚೀಟಿಗೆ ನಂಬರು ಬರೆದು ನೂಲಿನ ದಾರದಲ್ಲಿ ಕೊಡದ ಕಂಠಕ್ಕೆ ಕಟ್ಟಿದೆವು. ಹುಡುಗ ತೆಳು ಬಟ್ಟೆ ಹುಡುಕಿ ಬಾಯಿಗೆ ಮುಚ್ಚಿದ. ರಿಜಿಸ್ಟರಿನಲ್ಲಿ ಎತ್ತರ, ಸುತ್ತಳತೆ, ತಳದ ತೂತು, ಅಕ್ಷರ ಎಲ್ಲಾ ಬರೆದೆ. "ಷರಾ" ಅಂತ ಒಂದು ಕಾಲಂ ಇದೆ, ಅದು ಯಾವಾಗಲೂ ಖಾಲಿ ಇರುತ್ತದೆ. ಇವತ್ತು ಅದರಲ್ಲಿ ಬರೆದೆ: ಕವುಚಿ ಹಾಕಬಾರದು.