ಮೇಷ್ಟ್ರ ಜೀಪು ಮತ್ತು ಮೂವತ್ತು ಥೌ

2023ರ ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಅತ್ತೆಗೆ ಉಸಿರು ಕಟ್ಟಿತು. ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣಿನ ದಾರಿಯಲ್ಲಿ ಬಂದರೆ ನಮ್ಮ ಮನೆ. ಮಳೆ ಹಿಡಿದ ಮೇಲೆ ಆ ದಾರಿಗೆ ಆಟೋದವರು ಬರುವುದಿಲ್ಲ, ಕಾರು ಏರಿನ ಅರ್ಧಕ್ಕೇ ಹೂತುಕೊಳ್ಳುತ್ತದೆ. ನಮ್ಮನೆಯವರು, ಪಕ್ಕದ ಮನೆಯ ಇಬ್ಬರು ಹುಡುಗರು ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಹೊತ್ತು ಟಾರು ರಸ್ತೆಗೆ ತಂದರು. ನಾನು ಟಾರ್ಚು ಹಿಡಿದು ಮುಂದೆ ನಡೆದೆ. ಹಳ್ಳದ ಹತ್ತಿರ ಒಬ್ಬ ಹುಡುಗನ ಕಾಲು ಜಾರಿ ಕುರ್ಚಿ ವಾಲಿದಾಗ ಅತ್ತೆ ನನ್ನ ಸೆರಗು ಹಿಡಿದುಕೊಂಡರು. ಆ ಹಿಡಿತ ಇವತ್ತಿಗೂ ನೆನಪಿದೆ. ಅವರು ಉಳಿದರು. ಜೀಪು ಬೇಕೇ ಬೇಕು ಎಂದು ನಾನು ಹಟ ಹಿಡಿದದ್ದು ಅಂದಿನಿಂದ.

ಮರುವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಲಕ್ಷ ತೆಗೆದಿಟ್ಟೆವು. ಏಪ್ರಿಲ್‌ನಲ್ಲಿ ಹುಡುಕಾಟ ಶುರು. ಮೊದಲು ನೋಡಿದ್ದು ಶಿವಮೊಗ್ಗದಲ್ಲಿ ಒಬ್ಬ ದಲ್ಲಾಳಿಯ ಹತ್ತಿರ. ಎರಡು ಲಕ್ಷ ಅರವತ್ತು ಸಾವಿರ ಹೇಳಿದ. ಹೊಸ ಬಣ್ಣ, ಹೊಸ ಟಾಪು, ಎಂಜಿನ್ ತೊಳೆದು ಫಳಫಳ. "ಒಂದೇ ಒಂದು ಕಂಪ್ಲೇಂಟ್ ಇಲ್ಲ ಮೇಡಂ" ಅಂದ. ಜೊತೆಗೆ ಬಂದಿದ್ದ ರಿಪ್ಪನ್‌ಪೇಟೆಯ ಗಾಡಿ ರಿಪೇರಿ ಮೇಸ್ತ್ರಿ ಏನೂ ಮಾತಾಡದೆ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. ನಾವು ಬರುವ ಮೊದಲೇ ಎಂಜಿನ್ ಓಡಿಸಿಟ್ಟಿದ್ದರು. ಡೀಸೆಲ್ ಎಂಜಿನ್ನಿನ ಕಾಯಿಲೆ ಗೊತ್ತಾಗುವುದು ರಾತ್ರಿಯಿಡೀ ತಣ್ಣಗೆ ನಿಂತು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವಾಗ. ಬಿಸಿ ಮಾಡಿಟ್ಟ ಎಂಜಿನ್ ಯಾವುದಾದರೂ ಚೆನ್ನಾಗಿಯೇ ಮಾತಾಡುತ್ತದೆ ಎಂದರು ಮೇಸ್ತ್ರಿ. ಟೀ ಕುಡಿದು ವಾಪಸು ಬಂದೆವು.

ಎರಡನೆಯದು ಕೋಣಂದೂರಿನ ಹತ್ತಿರ ನಿವೃತ್ತ ಮೇಷ್ಟ್ರೊಬ್ಬರ ಜೀಪು. 2003ರ ರಿಜಿಸ್ಟ್ರೇಷನ್. ಹದಿನೈದು ವರ್ಷ ಆದಾಗ ಒಮ್ಮೆ, ಆಮೇಲೆ 2023ರಲ್ಲಿ ಇನ್ನೊಮ್ಮೆ ಆರ್‌ಸಿ ನವೀಕರಣ ಆಗಿ 2028ರವರೆಗೆ ಕಾಗದ ಗಟ್ಟಿ ಇತ್ತು. ಕೇಳಿದ ಬೆಲೆ ಒಂದು ಲಕ್ಷ ಮೂವತ್ತೈದು ಸಾವಿರ. ಫೋನಿನಲ್ಲೇ ಮೇಷ್ಟ್ರು ಹೇಳಿಬಿಟ್ಟರು: "ನೋಡಮ್ಮ, ಎಂಜಿನ್ ಹೊಗೆ ಬಿಡ್ತದೆ. ಆಯಿಲ್ ಕುಡೀತದೆ. ಅದನ್ನ ಗೊತ್ತು ಮಾಡ್ಕೊಂಡೇ ಬನ್ನಿ."

ನಾವು ಹೋದದ್ದು ಬೆಳಿಗ್ಗೆ ಏಳಕ್ಕೆ. ಜೀಪು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ತಣ್ಣಗೆ ನಿಂತಿತ್ತು, ಬಾನೆಟ್ ಮೇಲೆ ಇಬ್ಬನಿ ಹನಿ ಹಾಗೇ ಇತ್ತು. ಮೇಷ್ಟ್ರು ಹೀಟರ್ ಹಾಕಿ ಕಾದು ಕೀಲಿ ತಿರುಗಿಸಿದರು. ಮೊದಲ ಸಲ ಹಿಡಿಯಲಿಲ್ಲ, ಎರಡನೇ ಸಲವೂ ಇಲ್ಲ. ಮೂರನೇ ಸಲಕ್ಕೆ ಹಿಡಿದು ಇಡೀ ಶೆಡ್ಡು ನೀಲಿ ಹೊಗೆ ತುಂಬಿತು. ಕಟ್ಟಿದ್ದ ಕರು ಹೆದರಿ ಹಗ್ಗ ಎಳೆಯಿತು.

ಮೇಸ್ತ್ರಿ ಮಾಡಿದ ಪರೀಕ್ಷೆಗಳನ್ನು ಹೇಳುತ್ತೇನೆ, ನನ್ನ ಹಾಗೆ ಹಳೇ ಡೀಸೆಲ್ ಗಾಡಿ ನೋಡಲು ಹೋಗುವವರಿಗೆ ಬೇಕಾದೀತು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಅಲ್ಲಿಂದ ಹೊಗೆ ಬುಸ್ ಬುಸ್ ಎಂದು ಉಗಿಬಂಡಿಯ ಹಾಗೆ ಬಂತು. ಪಿಸ್ಟನ್ನಿನ ರಿಂಗು ಸವೆದಾಗ ಉರಿದ ಗಾಳಿ ಕೆಳಗೆ ಸೋರಿ ಹೀಗೆ ಮೇಲೆ ಬರುತ್ತದಂತೆ. ಮುಚ್ಚಳದ ಒಳಬದಿ ಬೆರಳಿಂದ ಒರೆಸಿ ನೋಡಿದರು. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. ಇಲ್ಲಿ ಬರೀ ಕಪ್ಪು. ರೇಡಿಯೇಟರ್ ಬಾಯಿ ತೆಗೆದು ಗುಳ್ಳೆ ಏಳುತ್ತದಾ ನೋಡಿದರು, ಇಲ್ಲ. ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿನ ಕೆಳಗಿನ ಪ್ಯಾಕಿಂಗು) ಮಟ್ಟಿಗೆ ಭಯ ಇರಲಿಲ್ಲ. ಕೊನೆಗೆ ನಾಲ್ಕು ಸಿಲಿಂಡರಿಗೂ ಡೀಸೆಲ್ ಸಿಂಪಡಿಸುವ ನಾಜಲ್ಲಿಗೆ ಹೋಗುವ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ಒಂದನೆಯದು ಸಡಿಲಿಸಿದಾಗ ಎಂಜಿನ್ ತಡವರಿಸಿತು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಗೇ ಆಯಿತು. ಮೂರನೆಯದು ಸಡಿಲಿಸಿದರೆ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. "ಈ ಮೂರನೇದು ಕೆಲಸವೇ ಮಾಡ್ತಿಲ್ಲ ಅಕ್ಕ, ಮೂರು ಜನ ದುಡೀತಿದಾರೆ, ಒಬ್ಬ ಸುಮ್ನೆ ಕೂತಿದಾನೆ" ಅಂದರು.

ಅಷ್ಟರಲ್ಲಿ ಮೇಷ್ಟ್ರು ಒಳಗಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟರು. 2011ರಲ್ಲಿ ಜೀಪು ಅವರ ಕೈಗೆ ಬಂದಾಗಿನಿಂದ ಹಾಕಿದ ಡೀಸೆಲ್, ಬದಲಾಯಿಸಿದ ಆಯಿಲ್, ಪಂಕ್ಚರ್, ಬ್ರೇಕ್ ಲೈನಿಂಗ್, ಎಲ್ಲವೂ ತಾರೀಕು ಕಿಲೋಮೀಟರ್ ಸಮೇತ. ದುಂಡನೆಯ ಅಕ್ಷರ, ಕೆಂಪು ಶಾಯಿಯಲ್ಲಿ ಅಡಿಗೆರೆ. ನಾನು ಅವರ ಜಗಲಿಯಲ್ಲಿ ಕೂತು ಒಂದು ಗಂಟೆ ಓದಿದೆ. 2019ರಲ್ಲಿ ಸಾವಿರದ ಐನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಮೇಲೆ ಹಾಕುತ್ತಿದ್ದರು. 2022ಕ್ಕೆ ಎಂಟುನೂರಕ್ಕೆ ಒಂದು ಲೀಟರ್. ಈಗ ಮುನ್ನೂರಕ್ಕೆ. ರೋಗ ಹೇಗೆ ನಡೆದುಕೊಂಡು ಬಂತು ಎಂಬುದು ಪೂರ್ತಿ ಕಣ್ಣಿಗೆ ಕಾಣುತ್ತಿತ್ತು. ನನಗೆ ಆ ಜೀಪಿನ ಮೇಲೆ ಮನಸ್ಸು ಹೋದದ್ದು ಆ ಪುಸ್ತಕ ಓದುವಾಗಲೇ. ಇಷ್ಟು ಜೋಪಾನ ಮಾಡಿದವರು ಛಾಸಿಗೆ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಗೇರು ನುಣ್ಣಗೆ ಬೀಳುತ್ತಿತ್ತು, ಫೋರ್ ವೀಲ್ ಹಾಕಿದರೆ ಹಿಡಿಯುತ್ತಿತ್ತು. ಎಂಜಿನ್ ಒಂದು ಬಿಟ್ಟರೆ ನಮ್ಮ ದಾರಿಗೆ ಹೇಳಿ ಮಾಡಿಸಿದ ಗಾಡಿ.

ಪುಸ್ತಕದ ನಡುವೆ 2015ರ ಒಂದು ಬಿಲ್ಲು ಅಂಟಿಸಿತ್ತು. ಎಂಜಿನ್ ಬಿಚ್ಚಿ ಮಾಡಿದ ಕೆಲಸದ್ದು. "ಲೈನರ್, ಪಿಸ್ಟನ್, ರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್" ಎಂದಷ್ಟೇ ಇತ್ತು. ಮೇಸ್ತ್ರಿ ಆ ಸಾಲಿನ ಮೇಲೆ ಬೆರಳಿಟ್ಟು, "ಎಷ್ಟು ಥೌಗೆ ಹೊಡೆದಿದ್ದಾರೆ ಬರೆದಿಲ್ವಲ್ಲ" ಅಂದರು.

ವಿಷಯ ಇಷ್ಟು. ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ರಿಂಗು ಸವೆದರೆ ಹೊಸತು ಹಾಕಬಹುದು, ದುಡ್ಡು ಎಷ್ಟು ಎಂದು ಮೊದಲೇ ಹೇಳಬಹುದು. ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್ ಸವೆದರೆ ಲೇತಿನಲ್ಲಿ ಕೂದಲೆಳೆಯಷ್ಟು ಅರೆದು, ಅಷ್ಟೇ ಹೆಚ್ಚು ದಪ್ಪದ ಬೇರಿಂಗ್ ಹಾಕುತ್ತಾರೆ. ಆ ಅಳತೆಯೇ ಥೌ, ಇಂಚಿನ ಸಾವಿರದಲ್ಲೊಂದು ಭಾಗ. ಹತ್ತು ಥೌ, ಇಪ್ಪತ್ತು ಥೌ, ಮೂವತ್ತು ಥೌ, ಅಂದರೆ ಸುಮಾರು 0.25, 0.50, 0.75 ಮಿಲಿಮೀಟರ್. ಈ ಎಂಜಿನ್ನಿಗೆ ಮೂವತ್ತರ ಆಚೆ ಬೇರಿಂಗ್ ಸಿಗುವುದಿಲ್ಲ ಎಂದರು ಮೇಸ್ತ್ರಿ. ಹಿಂದಿನ ಸಲ ಹತ್ತಕ್ಕೆ ಅರೆದಿದ್ದರೆ ಈ ಎಂಜಿನ್ನಿಗೆ ಮುಂದೆಯೂ ಆಯುಸ್ಸು ಇದೆ. ಮೂವತ್ತಕ್ಕೆ ಹೋಗಿದ್ದರೆ ಕ್ರ್ಯಾಂಕೇ ಬೇರೆ ಬೇಕು.

ಆಯಿಲ್ ಇಳಿಸಿ, ಕೆಳಗಿನ ಆಯಿಲ್ ತಟ್ಟೆ ಬಿಚ್ಚಿ, ಒಂದು ಬೇರಿಂಗ್ ತೆಗೆದು ಅದರ ಬೆನ್ನು ನೋಡಿದರೆ ಅಳತೆ ಅಚ್ಚು ಹಾಕಿರುತ್ತದೆ. ಅರ್ಧ ದಿನದ ಕೆಲಸ. ಆದರೆ ಕೊಳ್ಳುವ ಮೊದಲು ಇನ್ನೊಬ್ಬರ ಗಾಡಿಯ ಹೊಟ್ಟೆ ಬಿಚ್ಚಲು ಕೇಳುವುದು ಹೇಗೆ? ನನಗೆ ಬಾಯಿ ಬರಲಿಲ್ಲ. ಕೊನೆಗೆ ಮಾವ ಕೇಳಿದರು. "ಮೇಷ್ಟ್ರೇ, ಬಿಚ್ಚಿದ ಕೂಲಿ, ಹೊಸ ಆಯಿಲ್ಲು, ಪ್ಯಾಕಿಂಗು ಎಲ್ಲ ನಮ್ದು. ತಗೊಂಡ್ರೂ ಸೈ, ಬಿಟ್ರೂ ಸೈ, ಮೊದಲಿದ್ದ ಹಾಗೇ ಜೋಡಿಸಿ ಕೊಡ್ತೇವೆ." ಮೇಷ್ಟ್ರು ಒಂದು ಗಳಿಗೆ ಜೀಪಿನ ಕಡೆ ನೋಡಿದರು. "ನಂಗೂ ಗೊತ್ತಾಗ್ಲಿ, ಬಿಚ್ಚಿ" ಅಂದರು.

ಮುಂದಿನ ಭಾನುವಾರ ಬಿಚ್ಚಿದೆವು. ಮೇಸ್ತ್ರಿ ಜೀಪಿನ ಅಡಿಗೆ ಗೋಣಿ ಹಾಸಿ ಮಲಗಿ ಒಂದು ಬೇರಿಂಗ್ ಕಳಚಿ, ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಅರ್ಧ ಬಳೆಯ ಹಾಗಿತ್ತು. ಹೊಳೆಯಬೇಕಾದ ಬದಿಯಲ್ಲಿ ತಾಮ್ರ ಕಾಣುವಷ್ಟು ಸವೆದಿತ್ತು. ಬೆನ್ನಲ್ಲಿ 0.75 ಎಂದು ಅಚ್ಚಿತ್ತು.

ಯಾರೂ ಮಾತಾಡಲಿಲ್ಲ. ಮೇಷ್ಟ್ರ ಮನೆಯವರು ಅವಲಕ್ಕಿ, ಮಜ್ಜಿಗೆ ತಂದಿಟ್ಟರು.

ಆ ಸಂಜೆಯೇ ಮೇಷ್ಟ್ರು ಬೆಲೆಯನ್ನು ಒಂದು ಲಕ್ಷಕ್ಕೆ ಇಳಿಸಿದರು, ನಾವು ಕೇಳುವ ಮೊದಲೇ. ರಾತ್ರಿ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಲೈನರ್ ಪಿಸ್ಟನ್ ಸೆಟ್ಟು, ಹೆಡ್ಡಿನ ಕೆಲಸ, ನಾಜಲ್, ಪಂಪಿನ ಕೆಲಸ, ಲೇತು, ಕೂಲಿ ಸೇರಿ ಮೇಸ್ತ್ರಿ ಹೇಳಿದ್ದು ಎಂಬತ್ತು ಸಾವಿರ. ಕ್ರ್ಯಾಂಕಿಗೆ ಇಪ್ಪತ್ತೈದು. ಒಟ್ಟು ಎರಡು ಲಕ್ಷದ ಐದು ಸಾವಿರ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಫಾರಂ 29, 30 ಹಾಕಿ ಹೆಸರು ಬದಲಾವಣೆ, ಇನ್ಶೂರೆನ್ಸ್ ವರ್ಗಾವಣೆ, ಅದೆಲ್ಲ ಬೇರೆ. ಆದರೂ ಶಿವಮೊಗ್ಗದ ಜೀಪಿಗಿಂತ ಕಡಿಮೆ. ಒಳಗೆ ಏನೇನು ಹಾಕಿದೆ ಎಂದು ಕಣ್ಣಾರೆ ಕಂಡ ಎಂಜಿನ್. ನಮ್ಮನೆಯವರು "ತಗೊಳ್ಳುವಾ" ಅಂದರು. ನಾನೂ ತಗೊಳ್ಳುವ ಮನಸ್ಸಿನಲ್ಲೇ ಮಲಗಿದೆ. (ಬಂಧುವೊಬ್ಬರು ಗುಜರಿಯಿಂದ ಬೇರೆ ಎಂಜಿನ್ ತಂದು ಇಳಿಸಿಬಿಡಿ, ಅಗ್ಗ ಆಗ್ತದೆ ಎಂದಿದ್ದರು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಆರ್‌ಟಿಒ ಒಪ್ಪಿಗೆ ಪಡೆದು ಅದನ್ನು ತಿದ್ದಿಸದೆ ಓಡಿಸಿದರೆ ಅಪಘಾತವಾದ ದಿನ ಇನ್ಶೂರೆನ್ಸಿನವರ ಮುಂದೆ ನಿಲ್ಲುವುದು ನಾವು. ಆ ದಾರಿ ನನಗೆ ಬೇಡವಾಗಿತ್ತು.)

ಬೆಳಿಗ್ಗೆ ಮಾವ ತೋಟದಿಂದ ಬಂದು ಕಾಲು ತೊಳೆದು ಒಂದೇ ಪ್ರಶ್ನೆ ಕೇಳಿದರು. "ಎಂಜಿನ್ ಕೆಲ್ಸ ಮುಗಿಸಿ ಗಾಡಿ ಯಾವಾಗ ಕೊಡ್ತಾನಂತೆ?"

ಮೇಸ್ತ್ರಿಗೆ ಫೋನ್ ಮಾಡಿದೆ. ಲೇತಿನವರು ಎರಡು ವಾರ ಹೇಳುತ್ತಾರೆ, ಕ್ರ್ಯಾಂಕ್ ಹೊರಗಿಂದ ತರಿಸಬೇಕು, ಜೂನ್ ಮೊದಲ ವಾರ ಎಂದರು. ಆಮೇಲೆ ಸಾವಿರ ಕಿಲೋಮೀಟರ್ ರನ್ನಿಂಗ್ ಇನ್. ಹೊಸ ರಿಂಗು ಹೊಸ ಲೈನರಿಗೆ ಹೊಂದಿಕೊಳ್ಳುವವರೆಗೆ ಲೋಡು ಹಾಕಬಾರದು, ಮೊದಲ ಗೇರಿನಲ್ಲಿ ಏರು ಎಳೆಸಬಾರದು, ನಿಧಾನಕ್ಕೆ ಓಡಿಸಬೇಕು.

ನಮ್ಮ ದಾರಿ ಗೊತ್ತಿರುವವರಿಗೆ ಇದರ ಅರ್ಥ ತಿಳಿಯುತ್ತದೆ. ಮನೆಯಿಂದ ಹೊರಟರೆ ಮೊದಲ ಗೇರು ಬಿಟ್ಟು ಬೇರೆ ಗೇರೇ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿದರೆ ಸಾವಿರ ಆಗುವಷ್ಟರಲ್ಲಿ ಆಗಸ್ಟ್ ಮುಗಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಮೈಲುತುತ್ತದ ಚೀಲ, ಸುಣ್ಣ, ಪಂಪು, ಪೈಪು, ಔಷಧಿ ಹೊಡೆಯುವ ಜನ, ಎಲ್ಲವೂ ಲೋಡೇ. ಅದನ್ನಾದರೂ ಬಾಡಿಗೆ ಗಾಡಿಯಲ್ಲಿ ಸಾಗಿಸಬಹುದು. ಆದರೆ ಜುಲೈ ರಾತ್ರಿ ಎರಡು ಗಂಟೆಗೆ ಅತ್ತೆಗೆ ಮತ್ತೆ ಉಸಿರು ಕಟ್ಟಿದರೆ, ಹೊಸದಾಗಿ ಜೋಡಿಸಿದ ಎಂಜಿನ್ ಇರುವ ಗಾಡಿಯನ್ನು ಐದು ಜನ ಕೂತು ಆ ಏರಿಗೆ ಎಳೆಸುವ ಧೈರ್ಯ ನನಗಿಲ್ಲ. ನಾನು ಜೀಪು ಬೇಕೆಂದದ್ದೇ ಆ ಒಂದು ರಾತ್ರಿಗಾಗಿ. ನವೆಂಬರಿನಲ್ಲಿ ಈ ಜೀಪು ಸಿಕ್ಕಿದ್ದರೆ, ಬೇಸಿಗೆ ಪೂರ್ತಿ ಟಾರು ರಸ್ತೆಯಲ್ಲಿ ಓಡಿಸಿ ಪಳಗಿಸಲು ಸಮಯ ಇದ್ದಿದ್ದರೆ, ಖಂಡಿತ ತಗೊಳ್ಳುತ್ತಿದ್ದೆ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬೇಡ ಎಂದು ಹೇಳಲು ಫೋನು ಮಾಡದೆ ನಾನೇ ಹೋದೆ. ಜೋಡಿಸಿದ ಕೂಲಿ, ಹೊಸ ಆಯಿಲ್ ಸೇರಿ ಮೂರು ಸಾವಿರದ ನಾನೂರು ಖರ್ಚಾಗಿತ್ತು, ಅದನ್ನು ನಾವೇ ಕೊಟ್ಟೆವು. ಮೇಷ್ಟ್ರು ಅರ್ಧ ವಾಪಸು ಕೊಡಲು ಬಂದರು, ನಾನು ಈಸಿಕೊಳ್ಳಲಿಲ್ಲ. ಕಾರಣ ಪೂರ್ತಿ ಕೇಳಿದರು. ಅತ್ತೆಯನ್ನು ಹೊತ್ತ ಕತೆ ಕೇಳಿ, "ನೀವು ಮಾಡಿದ್ದು ಸರಿ" ಅಂದರು. ಆಮೇಲೆ ನೋಟ್‌ಬುಕ್ ತೆಗೆದು, ಕನ್ನಡಕ ಹಾಕಿಕೊಂಡು, 2015ರ ಬಿಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಕ್ರ್ಯಾಂಕ್ 0.75. ಮುಂದೆ ಅರೆಯಲು ಬರುವುದಿಲ್ಲ." ಮುಂದೆ ಯಾರು ಕೊಳ್ಳಲು ಬಂದರೂ ಅವರ ಕೈಗೆ ಮೊದಲು ಸಿಗುವುದು ಆ ಪುಸ್ತಕ.

ಆ ಮಳೆಗಾಲ ಔಷಧಿ ಸಾಮಾನು ಪಕ್ಕದೂರಿನ ಪಿಕಪ್ಪಿನಲ್ಲಿ ಬಂತು. ಟಾರು ರಸ್ತೆಯ ಅಂಚಿನ ಮನೆಯವರ ಹತ್ತಿರ ಮಾತಾಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ತೆ, ಮಾವ ಅವರ ಹೊರಗಿನ ಕೋಣೆಯಲ್ಲಿ ಮಲಗುವ ವ್ಯವಸ್ಥೆ ಮಾಡಿದೆವು. ಅತ್ತೆಗೆ ಅದು ಇಷ್ಟ ಇರಲಿಲ್ಲ, ದಿನಾ ಬೆಳಿಗ್ಗೆ ದನದ ಹೆಸರು ಹೇಳಿ ಹೇಳಿ ವಿಚಾರಿಸುತ್ತಿದ್ದರು.

ಈಗ ಅಡಿಕೆ ಕೊಯ್ಲು ಮುಗಿಯುತ್ತ ಬಂದಿದೆ, ಮುಂದಿನ ಮಳೆಗೆ ಇನ್ನೂ ತಿಂಗಳುಗಳಿವೆ. ಕೊಪ್ಪದ ಹತ್ತಿರ ಒಂದು ಜೀಪು ಇದೆಯಂತೆ, ಅದಕ್ಕೂ ಹೊಗೆಯ ತೊಂದರೆ ಇದೆ ಎಂದು ಓನರೇ ಹೇಳಿದ್ದಾರೆ. ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಕೆಳಗಿನ ತಟ್ಟೆ ಬಿಚ್ಚಲು ಒಪ್ಪುತ್ತೀರಾ ಎಂದು ಈ ಸಲ ಫೋನಿನಲ್ಲಿ ನಾನೇ ಕೇಳಿದೆ, ಒಪ್ಪಿದ್ದಾರೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದೂ ಹೇಳಿದ್ದೇನೆ.